ಮನ್ಯಾಗ ಮಾಡಿದ ಬಿಯರ್‌ಗೆ ದವಾಖಾನಿ ವಾಸನಿ, ಯಾರಿಗರ ಅನುಭವ ಐತೇನ್ರಿ?

ವಿದ್ಯಾನಗರದ ಹುಡುಗ: ನಮಸ್ಕಾರ್ರಿ ಎಲ್ಲಾರ್ಗೂ. ಏಪ್ರಿಲ್‌ದಾಗ ಹತ್ತು ಲೀಟರ್ ಪೇಲ್ ಏಲ್ ಅನ್ನೂ ಬಿಯರ್ ಮಾಡಿದ್ದೆ, ಬಾಟ್ಲಿಗೆ ತುಂಬಿ ಮೂರ್ ವಾರ ಬಿಟ್ಟು ನಿನ್ನೆ ಒಂದು ತಗದೆ. ನೊರಿ ಚಲೋ, ಬಣ್ಣಾನೂ ಚಲೋ, ಬಾಯಾಗ ಇಟ್ರ ಗಾಯಕ್ಕ ಹಚ್ಚೂ ಪಟ್ಟಿ ನೆಕ್ಕಿದಂಗ ಆತು. ಹಿಂದಿಂದ ಥಿನ್ನರ್ ವಾಸನಿ ಬ್ಯಾರೆ. ಬಕೀಟು ಬ್ಲೀಚಿಂಗ್ ಹಾಕಿ ಭಾಳ ಸ್ವಚ್ಛ ತೊಳದೀನ್ರಿ, ಅಂದ್ರೂ ಹಿಂಗ್ಯಾಕಾತು? ಈಸ್ಟ್ ಹಳೇದಿತ್ತೇನು? ಇನ್ನೂ ಹದಿಮೂರು ಬಾಟ್ಲಿ ಅದಾವು.

ಗದಗಿನ ಕಾಕಾ: ವಾಸನಿ ಆಮ್ಯಾಲ್ ನೋಡೋಣು, 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದ ಮನ್ಯಾಗ ಬಿಯರ್ ಮಾಡೂದ ತಪ್ಪೈತಿ, ಅದೊಂದು ಗೊತ್ತಿರಲಿ ತಮ್ಮಾ. ನಾ ಶುಂಠಿ ಸೋಡಾಕ್ಕ ಬಂದು ನಿಂತೀನಿ.

ನವನಗರದಾಂವ: ಪಾಪ, ಈಸ್ಟಿನ ಮ್ಯಾಲೆ ಹಾಕಬ್ಯಾಡ. ನೀ ಸ್ವಚ್ಛ ತೊಳದದ್ದ ಮುಳುವಾತು ನೋಡು. ಬ್ಲೀಚಿಂಗಿನ ಕ್ಲೋರಿನ್ ಮತ್ತ ನಳದ ನೀರಿನ ಕ್ಲೋರಿನ್ ಮಾಲ್ಟು, ಅಂದ್ರ ಮೊಳಕಿ ಬರಿಸಿ ಒಣಗಿಸಿದ ಬಾರ್ಲಿ ಕಾಳು, ಅದರೊಳಗಿನ ಫೀನಾಲ್ ಅನ್ನೂ ರಸಾಯನದ ಜೋಡಿ ಕೂಡಿ ಕ್ಲೋರೋಫೀನಾಲ್ ಆಗತೈತಿ, ನೂರು ಕೋಟಿ ಭಾಗದಾಗ ಕೆಲವೇ ಭಾಗ ಇದ್ರೂ ನಾಲಿಗಿ ಹಿಡೀತೈತಿ. ನಾನೂ ಮೂರು ಬ್ಯಾಚ್ ಮೋರಿಗೆ ಸುರದ ಮ್ಯಾಲೇ ತಿಳದದ್ದು. ನಮ್ಮ ಓಣಿಗೆ ಮಲಪ್ರಭಾ ನೀರು ವಾರಕ್ಕೊಮ್ಮೆ ಬರತಿತ್ತು, ನೀರು ಬಂದ ದಿನಾನ ಬಿಯರ್ ಮಾಡೂದು, ಅಂದ್ರ ಕ್ಲೋರಿನ್ ಘಮಘಮ ಅನ್ನೂವಾಗನ ಕಾಳು ಹಾಕೂದು! ಒಂದಿನ ಹಠಕ್ಕ ಬಿದ್ದು ಅದ ಮಾಲ್ಟು ಅದ ಈಸ್ಟು ಎರಡು ಬೋಗಾಣಿಗೆ ಹಂಚಿ ಒಂದಕ್ಕ ನಳದ ನೀರು ಇನ್ನೊಂದಕ್ಕ ಕ್ಯಾನಿನ ಆರ್‌ಓ ನೀರು ಹಾಕಿ ಮಾಡಿದೆ, ಕುಡಿಯೂ ಮುಂದ ನಮ್ಮ ಮಾವಗ ಯಾವುದು ಯಾವುದಂತ ಹೇಳಲಿಲ್ಲ, ಅಂವ ಒಂದು ಗ್ಲಾಸ್ ಮೂಸಿ "ಇದರಾಗ ಯಾರರ ಇಂಜೆಕ್ಷನ್ ಮಾಡಸ್ಕೊಂಡಾರೇನು" ಅಂದ.

ಅವತ್ತಿಂದ ನೀರು ಮದ್ಲ ಕುದಿಸಿ ಆರಸ್ತೇನಿ, ಕಾಳು ಬೀಳೂದು ಆಮ್ಯಾಲೆ. ಕಾಳು ಹಾಕಿ ಕುದಿಸಿದ್ರ ಉಪಯೋಗಿಲ್ಲ, ಅಷ್ಟೊತ್ತಿಗೆ ಕ್ಲೋರಿನ್ ತನ್ನ ಕೆಲಸ ಮುಗಿಸಿರತೈತಿ. ಇಲ್ಲಂದ್ರ ಸ್ಕ್ವಾಷ್ ಮಾಡಾವ್ರು ಹಾಕೂ ಕೆಎಂಎಸ್, ಅದ ಪೊಟ್ಯಾಶಿಯಂ ಮೆಟಾಬೈಸಲ್ಫೈಟ್, ಹತ್ತು ಲೀಟರಿಗೆ ಚಿಟಿಕಿಗಿಂತ ಕಮ್ಮಿ ಸಾಕು, ಕ್ಲೋರಿನ್ ಎರಡ ನಿಮಿಷದಾಗ ಮುಗೀತು. ಬ್ಲೀಚಿಂಗ್ ಬಿಟ್ಟಬಿಡು.

ಥಿನ್ನರ್ ವಾಸನಿ ಬಿಸಲಿಂದು. ಈಸ್ಟ್ ಕೆಲಸ ಮಾಡೂವಾಗ ತಾನೂ ಬಿಸಿ ಆಗತೈತಿ, ಖೋಲ್ಯಾಗ 32 ಡಿಗ್ರಿ ಇದ್ರ ಬಕೀಟಿನೊಳಗ 35 ದಾಟತೈತಿ, ಏಲ್ ಈಸ್ಟಿಗೆ ಬೇಕಾದ್ದು 18ರಿಂದ 20. ಬಕೀಟನ್ನ ನೀರಿನ ಟಬ್ಬಿನ್ಯಾಗ ಇಟ್ಟು ಮ್ಯಾಲೆ ಹಸಿ ಅರಿವಿ ಸುತ್ತಿ ಐಸ್ ಆದ ನೀರಿನ ಬಾಟ್ಲಿ ಮುಂಜಾನೆ ಸಂಜಿಕ ಬದಲಿ ಮಾಡು, ಮದ್ಲಿನ ಮೂರ್ ದಿನ ಇಷ್ಟು ಕಾಳಜಿ ಮಾಡಿದ್ರ ಭಾಳಾತು. ನಾ ಅಂತೂ ಏಪ್ರಿಲ್ ಮೇ ಕೈ ಹಚ್ಚೂದ ಇಲ್ಲ.

ರಾಣೇಬೆನ್ನೂರ ತಮ್ಮ: ನಂದು ಬ್ಯಾರೆ ಕತಿ. ಗ್ಯಾಸ್ ಉಳೀಲಿ ಅಂತ ಪಿಲ್ಸ್ನರ್ ಅನ್ನೂ ತಿಳಿ ಬಣ್ಣದ ಮಾಲ್ಟಿನ ರಸಾ ಮುಚ್ಚಳ ಹಾಕಿ ಕುದಿಸಿದ್ದೆ. ಅವ್ವ ಹೊರಗಿಂದ ಬಂದಾಕಿನ "ಯಾರ ಮನ್ಯಾಗ ಗೊಂಜಾಳ ತೆನಿ ಕುದಸಾಕತ್ತಾರ" ಅಂದ್ಳು, ಬಿಯರ್‌ನ್ಯಾಗೂ ಅದ ವಾಸನಿ ಉಳೀತು. ಹಾವೇರಿ ಜಿಲ್ಲಾದಾಗ ಗೊಂಜಾಳದ ವಾಸನಿ ಗುರುತು ಹಿಡಿಯಾಕ ಯಾರೂ ಕಲಸಬೇಕಿಲ್ಲ ಬಿಡ್ರಿ. ಡಿಎಂಎಸ್ (ಡೈಮಿಥೈಲ್ ಸಲ್ಫೈಡ್) ಅಂತಾರದಕ್ಕ, ಉಗಿ ಜೋಡಿ ಹಾರಿ ಹೋಗೂ ಮಾಲು, ಮುಚ್ಚಳ ತಗದು ಒಂದೂವರಿ ತಾಸು ಕುದಿಸಬೇಕಿತ್ತು.

ಧಾರವಾಡ ಸಪ್ತಾಪುರ: ನನಗ ಬೆಣ್ಣಿ ವಾಸನಿ ಕಾಡಿತ್ತು, ಅದು ಡೈಅಸಿಟೈಲ್ ಅನ್ನೂ ರಸಾಯನದ್ದು. ಅವಸರ ಮಾಡಿ ಬಾಟ್ಲಿಗೆ ತುಂಬಿದ್ದ ತಪ್ಪು. ಗುಳ್ಳಿ ನಿಂತ ಮ್ಯಾಲೂ ಎರಡ ಮೂರ್ ದಿನ ಬಿಟ್ರ ಈಸ್ಟ್ ತಾನ ಅದನ್ನ ತಿಂದ ಹಾಕತೈತಿ.

ವಿದ್ಯಾನಗರದ ಹುಡುಗ: ನಳದ ನೀರು ಬಾಟ್ಲಿಗೆ ಅರ್ಧ ತುಂಬಿ ಮುಚ್ಚಿ ಜೋರ್ ಅಲಗಾಡಿಸಿ ಮೂಸಿದೆ, ಖರೆ ಅಣ್ಣಾ, ಈಜೂ ಹೊಂಡದ ವಾಸನಿ! ಹಂಗಾರ ಈ ಹದಿಮೂರು ಬಾಟ್ಲಿ ಇನ್ನೊಂದ ತಿಂಗಳ ಇಟ್ರ ಸುಧಾರಿಸ್ತಾವೇನು?

ನವನಗರದಾಂವ: ಬೆಣ್ಣಿ ವಾಸನಿ ಆಗಿದ್ರ ಇಟ್ಟು ನೋಡು ಅಂತಿದ್ದೆ. ಇದು ವರ್ಷ ಇಟ್ರೂ ಹೋಗಂಗಿಲ್ಲ. ಸುರದು ಬಾಟ್ಲಿ ತೊಳದಿಡು, ಬ್ಲೀಚಿಂಗ್ ಹಾಕಬ್ಯಾಡ ಮತ್ತ.