ಸ್ವಾಲ್ಬಾರ್ಡ್‌ನಲ್ಲಿ ಕಯಾಕ್ ಮತ್ತು ಚಾರಣ: ಹೋಗಿ ಬಂದವರು ಸ್ವಲ್ಪ ಹೇಳಿ

ಮೈಸೂರಿನಿಂದ ಪ್ರಶ್ನೆ:

ಮುಂದಿನ ಜುಲೈನಲ್ಲಿ ನಾನು, ನನ್ನ ತಂಗಿ ಸ್ವಾಲ್ಬಾರ್ಡ್‌ಗೆ ಹೋಗಬೇಕು ಅಂದುಕೊಂಡಿದ್ದೇವೆ. ನಾರ್ವೆಗೂ ಉತ್ತರ ಧ್ರುವಕ್ಕೂ ನಡುವೆ ಇರುವ ದ್ವೀಪಗಳು. ಗೈಡ್ ಜೊತೆ ಎಂಟು ದಿನ. ನಾಲ್ಕು ದಿನ ಇಸ್‌ಫ್ಯೋರ್ಡ್ ಒಳಗೆ (ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಸಮುದ್ರ) ಕಯಾಕ್, ಅಂದರೆ ಹುಟ್ಟು ಹಾಕುವ ಕಿರುದೋಣಿ, ಮಿಕ್ಕ ದಿನ ಬೆನ್ನಿಗೆ ಬ್ಯಾಗ್ ಹೊತ್ತು ನಡಿಗೆ, ರಾತ್ರಿ ಟೆಂಟ್. ನನಗೆ 47, ಅವಳಿಗೆ 41. ಕುಮಾರ ಪರ್ವತ ಎರಡು ಸಲ ಹತ್ತಿದ್ದೇವೆ. ಕಯಾಕ್ ಅಂದರೆ ಹೊನ್ನಾವರದಲ್ಲಿ ಶರಾವತಿ ಕಾಂಡ್ಲಾ ಗಿಡಗಳ ನಡುವೆ ಎರಡು ಗಂಟೆ, ಅಷ್ಟೇ. ಇಬ್ಬರೂ ಸಸ್ಯಾಹಾರಿ. ಈಜು ಅಷ್ಟಕ್ಕಷ್ಟೆ. ನಮ್ಮ ಕೈಲಿ ಆಗುತ್ತಾ? ಹಿಮಕರಡಿ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ.

ಓಸ್ಲೋದಿಂದ:

ಆಗುತ್ತೆ ಮೇಡಂ. ಮೊದಲು ವೀಸಾ ನೋಡಿಕೊಳ್ಳಿ, ಬಹಳ ಜನ ಎಡವುವುದು ಇಲ್ಲೇ. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ನಿಜ. ಆದರೆ ಅಲ್ಲಿಗೆ ಹೋಗಬೇಕಾದರೆ ಓಸ್ಲೋ ಅಥವಾ ಟ್ರೊಮ್ಸೊ ಮೂಲಕವೇ ಹೋಗಬೇಕು, ಮತ್ತೆ ಸ್ವಾಲ್ಬಾರ್ಡ್ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪ್ ದೇಶಗಳ ಗುಂಪು, ನಾರ್ವೆ ಅದರಲ್ಲಿದೆ) ಒಳಗೆ ಇಲ್ಲ. ಅಂದರೆ ಇಲ್ಲಿಂದ ಹೊರಟಾಗ ನೀವು ಷೆಂಗೆನ್ ಬಿಟ್ಟ ಲೆಕ್ಕ, ವಾಪಸ್ ಬಂದಾಗ ಎರಡನೇ ಸಲ ಒಳಗೆ ಬಂದ ಲೆಕ್ಕ. ಒಂದೇ ಸಲದ ಪ್ರವೇಶ ಇರುವ ವೀಸಾ ತಗೊಂಡರೆ ವಾಪಸ್ ಬರೋಕೆ ಆಗಲ್ಲ.

ಇನ್ನು ಪ್ರವಾಸ. ನಾನು 2019ರ ಜುಲೈನಲ್ಲಿ ಹೋಗಿದ್ದೆ. ಮೂರನೇ ದಿನ ಫ್ಯೋರ್ಡ್ ದಾಟಬೇಕಿತ್ತು, ಗಾಳಿ ಎದ್ದಿತು, ಎರಡು ದಿನ ದಡದಲ್ಲೇ ಕೂತೆವು. ನಮ್ಮ ಗುಂಪಿನ ಒಬ್ಬರು ಇಷ್ಟು ದುಡ್ಡು ಕೊಟ್ಟು ಬಂದಿದ್ದು ಕೂರೋಕಾ ಅಂತ ಗೊಣಗಿದರು. ನಮ್ಮ ಗೈಡ್ ಹುಡುಗಿ ವಾದ ಮಾಡಲೇ ಇಲ್ಲ, ಕೈಗವಸು ತೆಗೆದು ಒಂದು ನಿಮಿಷ ನೀರಲ್ಲಿ ಕೈ ಇಡಿ ಅಂದಳು. ಅರ್ಧ ನಿಮಿಷಕ್ಕೆ ತೆಗೆದರು. ಡ್ರೈಸೂಟ್, ಅಂದರೆ ಒಳಗೆ ನೀರು ಹೋಗದ ಮೈತುಂಬ ಉಡುಪು, ಕೊಡುತ್ತಾರೆ, ಲೈಫ್ ಜಾಕೆಟ್ ಇರುತ್ತೆ, ಇಬ್ಬರು ಕೂರುವ ಅಗಲವಾದ ಕಯಾಕ್, ಸುಮ್ನೆ ಮಗುಚಲ್ಲ. ಆದರೂ ಆ ನೀರಲ್ಲಿ ಬಿದ್ದರೆ ಈಜು ಬರುತ್ತೋ ಇಲ್ಲವೋ ಅನ್ನೋದು ಜಾಸ್ತಿ ಲೆಕ್ಕಕ್ಕೆ ಬರಲ್ಲ, ಕೈ ಎಷ್ಟು ಹೊತ್ತು ಕೆಲಸ ಮಾಡುತ್ತೆ ಅನ್ನೋದೇ ಲೆಕ್ಕ. ಹಾಗಾಗಿ ಕಂಪನಿ ಆರಿಸುವಾಗ ಒಂದು ಪ್ರಶ್ನೆ ಕೇಳಿ: ಗಾಳಿಗೆ ಅಂತ ಎಷ್ಟು ದಿನ ಬಿಟ್ಟಿದ್ದೀರಿ? ಬಿಟ್ಟೇ ಇಲ್ಲ ಅಂದರೆ ಬೇರೆಯವರನ್ನು ನೋಡಿ.

ಕರಡಿ ವಿಷಯ. ಊರು ದಾಟಿದ ಮೇಲೆ ಗೈಡ್ ಹತ್ತಿರ ಬಂದೂಕು ಇದ್ದೇ ಇರುತ್ತೆ. ಅದು ಕೊನೆಯ ಉಪಾಯ. ಟೆಂಟ್‌ಗಳ ಸುತ್ತ ತಂತಿ ಎಳೆದಿರುತ್ತಾರೆ, ಏನಾದರೂ ಮುಟ್ಟಿದರೆ ಪಟಾಕಿ ತರ ಸದ್ದು ಬರುತ್ತೆ. ಅದರ ಮೇಲೆ ಪಾಳಿ ಕಾವಲು. ಗೈಡ್ ಒಬ್ಬರೇ ಅಲ್ಲ, ನೀವೂ ಕಾಯಬೇಕು, ತಲಾ ಒಂದೂವರೆ ಗಂಟೆ. ನನಗೆ ಸಿಕ್ಕಿದ್ದು ರಾತ್ರಿ ಎರಡರ ಪಾಳಿ. ಆದರೆ ಅಲ್ಲಿ ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಸೂರ್ಯ ಮುಳುಗಲ್ಲ, ಹಾಗಾಗಿ ರಾತ್ರಿ ಎರಡು ಗಂಟೆ ಅನ್ನೋದು ಗಡಿಯಾರದಲ್ಲಿ ಮಾತ್ರ. ಕೈಯಲ್ಲಿ ಟೀ, ಕೊರಳಲ್ಲಿ ಬೈನಾಕ್ಯುಲರ್, ಐದು ನಿಮಿಷಕ್ಕೊಮ್ಮೆ ಒಂದು ಸುತ್ತು. ದಡದಲ್ಲಿ ಬೆಳ್ಳಗೆ ಏನೋ ಬಿದ್ದಿತ್ತು, ಅದು ಅಲ್ಲಾಡಿತು ಅಂತ ಗೈಡನ್ನು ಎಬ್ಬಿಸಿಬಿಟ್ಟೆ. ನೋಡಿದರೆ ಮರದ ದಿಮ್ಮಿ. ಆ ದ್ವೀಪಗಳಲ್ಲಿ ಮರವೇ ಬೆಳೆಯಲ್ಲ, ಸೈಬೀರಿಯಾದ ನದಿಗಳಿಂದ ಕೊಚ್ಚಿಕೊಂಡು ಬಂದು ದಡ ಸೇರಿ ಬಿಸಿಲಿಗೆ ಬೆಳ್ಳಗಾಗಿರುತ್ತವೆ. ಗೈಡ್ ಬೈಯಲಿಲ್ಲ. ಹತ್ತು ಸಲ ಸುಳ್ಳಾದರೂ ಎಬ್ಬಿಸಿ ಅಂದಳು.

ಅಮ್ಮನಿಗೆ ಇದನ್ನೂ ಹೇಳಿ: 2025ರಿಂದ ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು ಅಂತ ಕಾನೂನೇ ಇದೆ, ಮಾರ್ಚ್‌ನಿಂದ ಜೂನ್‌ವರೆಗೆ 500. ಹತ್ತಿರ ಹೋಗಿ ಫೋಟೋ ತೆಗೆಯೋ ಮಾತೇ ಇಲ್ಲ.

ಹಾಸನದಿಂದ:

ಮೇಲಿನವರು ನಡಿಗೆ ಬಗ್ಗೆ ಹೇಳಲೇ ಇಲ್ಲ, ನನ್ನ ಪ್ರಕಾರ ಕಷ್ಟ ಇರೋದು ಅಲ್ಲೇ. ಕುಮಾರ ಪರ್ವತದಲ್ಲಿ ಏರು ಜಾಸ್ತಿ, ಆದರೆ ದಾರಿ ಇದೆ. ಸ್ವಾಲ್ಬಾರ್ಡ್‌ನಲ್ಲಿ ದಾರಿ ಅನ್ನೋದೇ ಇಲ್ಲ. ಹಿಮನದಿ ಬಿಟ್ಟುಹೋದ ಕಲ್ಲುರಾಶಿ, ಪ್ರತಿ ಹೆಜ್ಜೆಗೂ ಕಲ್ಲು ಉರುಳುತ್ತೆ, ಅದು ಮುಗಿದರೆ ಸ್ಪಂಜಿನಂಥ ಪಾಚಿ ನೆಲ, ಅದೂ ಮುಗಿದರೆ ಮೊಣಕಾಲವರೆಗೆ ಮಂಜು ಕರಗಿದ ಹೊಳೆ. ದಿನಕ್ಕೆ ಹತ್ತು ಕಿಲೋಮೀಟರ್ ಅಂದರೆ ನಮ್ಮ ಕಡೆಯ ಇಪ್ಪತ್ತು ಅಂದುಕೊಳ್ಳಿ. ಹೊಳೆ ದಾಟುವಾಗ ಬ್ಯಾಗಿನ ಸೊಂಟಪಟ್ಟಿ ಬಿಚ್ಚಿಕೊಳ್ಳಿ, ಬಿದ್ದರೆ ಬ್ಯಾಗ್ ಕಳಚಬೇಕು. ಮಧ್ಯಾಹ್ನದ ಮೇಲೆ ಮಂಜು ಕರಗಿ ನೀರು ಏರುತ್ತೆ, ಬೆಳಿಗ್ಗೆಯೇ ದಾಟುತ್ತಾರೆ. ಈಗಿನಿಂದಲೇ ವಾರಕ್ಕೆರಡು ಸಲ 15 ಕೆಜಿ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯೋದೇ ಮುಖ್ಯ, ಮೊಣಕಾಲು ಹೋಗೋದು ಅಲ್ಲೇ.

ಕಯಾಕಿನಲ್ಲಿ ಸಾಮಾನು ತುರುಕುವ ಬಾಯಿ ಚಿಕ್ಕದು. ದೊಡ್ಡ ಚೀಲ ಒಳಗೆ ಹೋಗಲ್ಲ. ಹತ್ತು ಲೀಟರಿನ ಚಿಕ್ಕ ಚಿಕ್ಕ ನೀರು ಹೋಗದ ಚೀಲ ತಗೊಳ್ಳಿ, ಬೆನ್ನಿನ ಬ್ಯಾಗನ್ನು ಖಾಲಿ ಮಾಡಿ ಸುತ್ತಿ ತುರುಕಬೇಕು.

ಬೂಟು ಹಾಕಿಕೊಂಡೇ ವಿಮಾನ ಹತ್ತಿ. ನನ್ನ ಬ್ಯಾಗನ್ನು ಒಂದು ವಿಮಾನ ಕಂಪನಿ ಬೇರೆ ಊರಿಗೆ ಕಳಿಸಿ, ನಾನು ಅಲ್ಲಿನ ಮುಖ್ಯ ಊರು ಲಾಂಗ್‌ಯಿಯರ್‌ಬ್ಯೆನ್‌ನಲ್ಲಿ ಬಾಡಿಗೆ ಬೂಟಿನಲ್ಲಿ ಹೊರಟು, ಎರಡನೇ ದಿನಕ್ಕೆ ಎರಡೂ ಹಿಮ್ಮಡಿ ಕಿತ್ತುಹೋಗಿತ್ತು. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡಲ್ಲ, ಅಲ್ಲೇ ಸಿಗುತ್ತೆ.

ಸ್ಟಾಕ್‌ಹೋಮ್‌ನಿಂದ:

ಯಾರೂ ಹೇಳದ ವಿಷಯ ನಾನು ಹೇಳುತ್ತೇನೆ. ಶೌಚ. ಮರ ಇಲ್ಲ, ಪೊದೆ ಇಲ್ಲ. ಕರಡಿ ಭಯಕ್ಕೆ ಕಣ್ಣಿಗೆ ಕಾಣದಷ್ಟು ದೂರ ಒಬ್ಬರೇ ಹೋಗುವ ಹಾಗೂ ಇಲ್ಲ. ಸಮುದ್ರದ ಅಲೆ ಬಂದು ತೊಳೆಯುವ ಜಾಗದಲ್ಲಿ ಕೂರಬೇಕು, ಕಾವಲಿನವರು ಸಭ್ಯವಾಗಿ ಇನ್ನೊಂದು ಕಡೆ ತಿರುಗಿರುತ್ತಾರೆ. ಮೊದಲ ದಿನ ನಾಚಿಕೆ, ಮೂರನೇ ದಿನ ಎಲ್ಲರೂ ನೆಂಟರು. ತಂಗಿ ಜೊತೆಗಿರೋದು ಒಳ್ಳೇದೇ ಆಯ್ತು.

ಹಕ್ಕಿಗಳ ಬಗ್ಗೆಯೂ ಜಾಗ್ರತೆ. ಆರ್ಕ್ಟಿಕ್ ಟರ್ನ್ ಗೂಡಿನ ಹತ್ತಿರ ಹೋದರೆ ನೇರ ತಲೆಗೇ ಕುಕ್ಕುತ್ತೆ. ಹುಟ್ಟನ್ನು ತಲೆಯ ಮೇಲೆ ಎತ್ತಿ ಹಿಡಿದು ನಡೆಯಿರಿ, ಅದು ಎತ್ತರದ ವಸ್ತುವನ್ನೇ ಕುಕ್ಕೋದು. ನರಿ ಎಷ್ಟೇ ಮುದ್ದಾಗಿ ಬಂದರೂ ಮುಟ್ಟಬೇಡಿ, ಅಲ್ಲಿ ರೇಬೀಸ್ ಇದೆ. ವಾಲ್ರಸ್ (ಉದ್ದ ಕೋರೆಹಲ್ಲಿನ ದೊಡ್ಡ ಸಮುದ್ರ ಪ್ರಾಣಿ) ಕಂಡರೆ ಕಯಾಕ್ ದೂರ ತಿರುಗಿಸಿ. ಹೆಲಿಕಾಪ್ಟರ್ ಖರ್ಚು ಸೇರಿರುವ ವಿಮೆ ಮಾಡಿಸಿ. ಊರಲ್ಲಿ ಆಸ್ಪತ್ರೆ ಚಿಕ್ಕದು, ಗಂಭೀರ ಆದರೆ ಟ್ರೊಮ್ಸೊಗೆ ಒಯ್ಯಬೇಕು.

ಬೆಂಗಳೂರಿನಿಂದ:

ಒಂದು ಚಿಕ್ಕ ಸಲಹೆ, ಹುಟ್ಟು ಹಾಕೋದು ಅಲ್ಲೇ ಕಲಿಯುತ್ತೇವೆ ಅಂದುಕೊಳ್ಳಬೇಡಿ. ಮಗುಚಿದ ಕಯಾಕಿನಿಂದ ಹೊರಬರೋದನ್ನು ಇಲ್ಲೇ ಬೆಚ್ಚಗಿನ ನೀರಲ್ಲಿ ಹತ್ತು ಸಲ ಮಾಡಿ. ನಾನು ಮಾಡದೆ ಹೋಗಿ ಮೊದಲ ದಿನವಿಡೀ ಕೈಕಾಲು ಬಿಗಿ ಹಿಡಿದುಕೊಂಡು ಕೂತಿದ್ದೆ, ನೀಲಿ ಹಿಮನದಿ ಮುಂದೆ ಬಂದರೂ ನೋಡಿದ ನೆನಪಿಲ್ಲ.

ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ ನೋಡಬಹುದಾ ಅಂತ ಅನೇಕರು ಕೇಳುತ್ತಾರೆ. ಅದು 2008ರಲ್ಲಿ ಶುರುವಾಗಿದ್ದು, ಇರೋದು ನ್ಯೂ ಓಲೆಸುಂಡ್‌ನಲ್ಲಿ, ಬೇರೆ ಫ್ಯೋರ್ಡ್. ನಿಮ್ಮ ದಾರಿಯಲ್ಲಿ ಬರಲ್ಲ.

ಮತ್ತೆ ಮೈಸೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಶೌಚದ ವಿಷಯ ಓದಿ ತಂಗಿ ಬರಲ್ಲ ಅಂದಳು, ಸಂಜೆ ಮತ್ತೆ ಬರ್ತೀನಿ ಅಂದಳು. ಊಟದ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಓಸ್ಲೋದಿಂದ:

ಮರೆತೇಬಿಟ್ಟೆ. ಬಿಸಿನೀರು ಹಾಕಿದರೆ ಅರಳುವ ಒಣ ಊಟದ ಪ್ಯಾಕೆಟ್ ಕೊಡುತ್ತಾರೆ, ಸಸ್ಯಾಹಾರಿಯೂ ಇರುತ್ತೆ, ಬುಕ್ ಮಾಡುವಾಗಲೇ ಬರೆದು ಹೇಳಿ. ಮೂರು ದಿನಕ್ಕೆ ನಾಲಿಗೆ ಕೆಟ್ಟುಹೋಗುತ್ತೆ. ಹುರಿಹಿಟ್ಟು, ಗೊಜ್ಜವಲಕ್ಕಿ, ಚಟ್ನಿಪುಡಿ ತನ್ನಿ. ಹಾಲಿನ ಪದಾರ್ಥ ಭಾರತದಿಂದ ನಾರ್ವೆಗೆ ತರುವ ಹಾಗಿಲ್ಲ, ಆದ್ದರಿಂದ ತುಪ್ಪ ಬೇಡ, ಎಣ್ಣೆಯಲ್ಲೇ ಕಲಸಿಕೊಳ್ಳಿ. ವಾಸನೆ ಬರೋದು ಯಾವುದನ್ನೂ ಟೆಂಟಿನೊಳಗೆ ಇಡಬೇಡಿ, ಚಟ್ನಿಪುಡಿ ಡಬ್ಬಿಯನ್ನು ನಮ್ಮ ಗೈಡ್ ಮೂಸಿ ನೋಡಿ ಅಡುಗೆ ಪೆಟ್ಟಿಗೆಗೆ ಸೇರಿಸಿದಳು. ಕೊನೆಯ ದಿನ ಅರ್ಧ ಡಬ್ಬಿ ಖಾಲಿಯಾಗಿತ್ತು, ನಾನು ತಿಂದಿದ್ದು ಎರಡು ಚಮಚ. ಒಂದು ಡಬ್ಬಿ ಜಾಸ್ತಿಯೇ ತನ್ನಿ.