ತಂಗಿ, ಆ ಕನ್ನಡಿಗೆ ಬಟ್ಟೆ ಮುಟ್ಟಿಸಬೇಡ

ತಂಗಿ, ನಿನ್ನ ಮೆಸೇಜು ಈಗ ನೋಡಿದೆ. ಮಾಣಿಯ ಹೊಸ ಟೆಲಿಸ್ಕೋಪಿನಲ್ಲಿ ಗುರು ಗ್ರಹ ಹತ್ತಿ ಉಂಡೆ ಹಾಗೆ ಕಾಣುತ್ತದೆ, ಕೊಳವೆಯೊಳಗೆ ಬಗ್ಗಿ ನೋಡಿದರೆ ತಳದ ಕನ್ನಡಿ ಮಬ್ಬಾಗಿದೆ, ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇ ಹಾಕಿ ಒರೆಸಲಾ ಅಂತ ಕೇಳಿದ್ದೀಯಲ್ಲ. ಬೇಡ. ಕೈಯಲ್ಲಿ ಬಟ್ಟೆ ಹಿಡಿದು ನಿಂತಿದ್ದರೆ ಮೊದಲು ಅದನ್ನು ಕೆಳಗಿಡು. ಆಮೇಲೆ ಇದನ್ನು ಪೂರ್ತಿ ಕೇಳು, ನಡುವೆ ನಿಲ್ಲಿಸಬೇಡ.

ನನ್ನ ಟೆಲಿಸ್ಕೋಪಿನ ಕಥೆ ನಿಮಗೆ ಗೊತ್ತಿದ್ದದ್ದೇ, ಆದರೆ ಅರ್ಧ ಮಾತ್ರ ಗೊತ್ತು. 1980ರ ಫೆಬ್ರವರಿಯಲ್ಲಿ ಖಗ್ರಾಸ ಗ್ರಹಣ ಅಂಕೋಲೆಯ ಮೇಲೇ ಹಾದುಹೋಯಿತು, ನಾನು ಅಲ್ಲೇ ಅಜ್ಜನ ಮನೆಯಲ್ಲಿದ್ದೆ, ಹೊರಗೆ ಹಾಡಹಗಲೇ ಕತ್ತಲಾಗುತ್ತಿದ್ದರೆ ಆಯಿ ನಮ್ಮನ್ನೆಲ್ಲ ಒಳಗೆ ಕೂಡಿಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಆ ಸಿಟ್ಟಿಗೇ ಹ್ಯಾಲಿ ಧೂಮಕೇತು ಬರುವ ಹೊತ್ತಿಗೆ ಬೆಂಗಳೂರಿಂದ ನಾಲ್ಕಿಂಚಿನ ಕನ್ನಡಿ ತರಿಸಿ, ಪಿವಿಸಿ ಪೈಪಿಗೆ ಕೂರಿಸಿ, ನಾನೇ ಒಂದು ಟೆಲಿಸ್ಕೋಪು ಮಾಡಿಕೊಂಡೆ. 85ರ ಮಳೆಗಾಲ ಅದು ಶಿರಸಿ ಮನೆಯ ಅಟ್ಟದ ಮೇಲಿತ್ತು. ನಮ್ಮ ಅಟ್ಟ ಗೊತ್ತಲ್ಲ, ಆಷಾಢದಲ್ಲಿ ಚಪ್ಪಲಿಗೂ ಬೂಸ್ಟು ಬರುವ ಜಾಗ. 86ರ ಮಾರ್ಚಿನಲ್ಲಿ ಕೆಳಗಿಳಿಸಿ ನೋಡಿದರೆ ಕನ್ನಡಿ ಮೇಲೆ ಧೂಳು, ಅಲ್ಲಲ್ಲಿ ಬಿಳಿ ಚುಕ್ಕೆ. ದೇವರ ಬೆಳ್ಳಿ ಪಂಚಪಾತ್ರೆಗೆ ವಿಭೂತಿ ಹಾಕಿ ತಿಕ್ಕಿದರೆ ಹೊಳೆಯುತ್ತದಲ್ವಾ, ಇದೂ ಹಾಗೇ ಅಂದುಕೊಂಡೆ. ವಿಭೂತಿ ಹಾಕಿದೆ, ಹಳೆ ಪಂಚೆಯ ತುದಿಯಿಂದ ತಿಕ್ಕಿದೆ. ಪಂಚೆ ಬೂದಿ ಬಣ್ಣಕ್ಕೆ ತಿರುಗಿತು. ಕೊಳೆ ಬಿಡುತ್ತಿದೆ ಅಂತ ಖುಷಿಯಾಗಿ ಇನ್ನೂ ಜೋರಾಗಿ ತಿಕ್ಕಿದೆ!

ಅದು ಕೊಳೆಯಲ್ಲ, ಅಲ್ಯೂಮಿನಿಯಂ. ನಾವು ಮುಖ ನೋಡುವ ಕನ್ನಡಿಗೆ ಲೇಪ ಇರುವುದು ಗಾಜಿನ ಹಿಂದೆ, ಟೆಲಿಸ್ಕೋಪಿನ ಕನ್ನಡಿಗೆ ಇರುವುದು ಮುಂದೆ, ಗಾಳಿಗೆ ಬಿಟ್ಟ ಹಾಗೆ. ಕೂದಲಿಗಿಂತಲೂ ಎಷ್ಟೋ ತೆಳ್ಳಗಿನ ಪದರ. ದೀಪಕ್ಕೆ ಹಿಡಿದು ನೋಡಿದರೆ ರಂಗೋಲಿ ಎಳೆದಂತೆ ಸುತ್ತು ಸುತ್ತು ಗೀರು, ನಡುವೆ ಒಂದು ಕಡೆ ಗಾಜಿನಾಚೆ ನನ್ನ ಹೆಬ್ಬೆಟ್ಟೇ ಕಾಣುತ್ತಿತ್ತು. ಊರವರೆಲ್ಲ ಬೆಳಗಿನ ಜಾವ ಎದ್ದು ಬೇಣದ ಮೇಲೆ ನಿಂತು ಬರಿಗಣ್ಣಲ್ಲಿ ಹ್ಯಾಲಿ ನೋಡಿದರು. ನಾನು ಟೆಲಿಸ್ಕೋಪು ಕಟ್ಟಿಕೊಂಡು ಮಂಜು ನೋಡಿದೆ. ಇನ್ನು ಅದು ಬರುವುದು 2061ಕ್ಕೆ. ಅಷ್ಟು ದಿನ ನಾನು ಇರುತ್ತೇನಾ?

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಆ ಕನ್ನಡಿಗೆ ಬಟ್ಟೆ ಮುಟ್ಟಿಸಬೇಡ. ನೀವಿರುವ ಕಾರವಾರದಲ್ಲಂತೂ ಗಾಳಿಯಲ್ಲೇ ಉಪ್ಪು, ಸಣ್ಣ ಹೊಯ್ಗೆ. ಒರೆಸಿದರೆ ಮರಳು ಕಾಗದ ತಿಕ್ಕಿದ ಹಾಗೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕನ್ನಡಿಗೆ ಹೊಸ ಲೇಪ ಹಾಕಿಸಬಹುದು, ತನಗೆ ಗೊತ್ತಿದ್ದವರಿದ್ದಾರೆ ಅಂತ ನಮ್ಮ ಹುಬ್ಬಳ್ಳಿ ಭಾವ ತೆಗೆದುಕೊಂಡು ಹೋದ. ಒಂದು ವರ್ಷ ಆಯಿತು, ಎರಡು ಆಯಿತು. ಕೇಳಿದಾಗೆಲ್ಲ ಆಗುತ್ತಿದೆ ಆಗುತ್ತಿದೆ ಅಂದ. ಅವನ ಮಗನ ಉಪನಯನಕ್ಕೆ ಹೋದಾಗ ಕೈ ತೊಳೆಯಲು ಹಿತ್ತಿಲಿಗೆ ಹೋದೆ, ನೋಡಿದರೆ ನನ್ನ ಕನ್ನಡಿ ಬಚ್ಚಲ ಗೋಡೆಗೆ ಮೊಳೆ ಹೊಡೆದು ಸಿಗಿಸಿದ್ದಾನೆ, ಅದರ ಪಕ್ಕ ಬ್ರಷ್ಷು, ಸಾಬೂನು. ಗಡ್ಡ ಹೆರೆಯಲಿಕ್ಕೆ! ತಗ್ಗು ಕನ್ನಡಿ ಅಲ್ವಾ, ಹತ್ತಿರ ನಿಂತರೆ ಮುಖ ದೊಡ್ಡದಾಗಿ ಕಾಣುತ್ತದೆ, "ಬಹಳ ಅನುಕೂಲ ಆಯ್ತು ಮಾರಾಯಾ" ಅಂದ. ಊಟದ ಮನೆ, ಏನೂ ಮಾತಾಡಲಿಲ್ಲ. ಹೋಳಿಗೆ ಇಳಿಯಲಿಲ್ಲ ಅಷ್ಟೇ. ಭಾವನೂ ಈ ಗ್ರೂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ದುಡ್ಡಿನ ಮಾತಲ್ಲ ಇದು.

ಇರಲಿ. ಏನೋ ಹೇಳಬೇಕಿತ್ತು... ಹಾಂ, ಮಾಣಿಯದ್ದು. ಅವನು ಟೆಲಿಸ್ಕೋಪು ಎಸಿ ರೂಮಿನಲ್ಲಿ ಇಡುತ್ತಾನಲ್ಲ? ಆ ಮಬ್ಬು ಕೊಳೆಯಲ್ಲ ತಂಗಿ, ಇಬ್ಬನಿ. ಫ್ರಿಜ್ಜಿಂದ ತೆಗೆದ ಚೊಂಬಿಗೆ ನೀರು ಕೂರುವ ಹಾಗೆ. ಒಂದು ತಾಸು ಮೊದಲೇ ಟೆರೇಸಿಗೆ ಒಯ್ದು ಮುಚ್ಚಳ ಹಾಕಿಯೇ ಇಡಲಿ, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಲಿ. ಸ್ವಲ್ಪ ಧೂಳಿದ್ದರೆ ಏನೂ ಆಗುವುದಿಲ್ಲ, ಬಿಟ್ಟುಬಿಡು.

ಇನ್ನು ಹತ್ತಿ ಉಂಡೆ. ಡಬ್ಬಿಯ ಫೋಟೋ ಹಾಕಿದ್ದೀಯಲ್ಲ, 114 ಮಿಲಿಮೀಟರ್ ಕನ್ನಡಿ, 900 ಮಿಲಿಮೀಟರ್ ಫೋಕಲ್ ಲೆಂತ್ (ಕನ್ನಡಿಯಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ), ಮೇಲೆ ದಪ್ಪಕ್ಷರದಲ್ಲಿ 675 ಪಟ್ಟು ಅಂತ. ಅದು ಮಾರುವವರ ಲೆಕ್ಕ. 4 ಮಿಲಿಮೀಟರಿನ ಐಪೀಸ್, ಅಂದರೆ ಕಣ್ಣಿಡುವ ಕಡೆಯ ಮಸೂರ, ಅದರ ಜೊತೆ ಬಾರ್ಲೋ ಅನ್ನುವ, ಮೂರು ಪಟ್ಟು ಹಿಗ್ಗಿಸುವ ಇನ್ನೊಂದು ಮಸೂರ ಹಾಕಿದರೆ 675 ಬರುತ್ತದೆ, ಚಿತ್ರ ಬರುವುದಿಲ್ಲ. ಅಷ್ಟು ಕನ್ನಡಿಗೆ ಬಹಳವೆಂದರೆ 220-230. ಮಾಣಿ ಖಂಡಿತ ಅದೇ ಎರಡನ್ನೂ ಸಿಗಿಸಿಕೊಂಡಿರುತ್ತಾನೆ. ಬಾರ್ಲೋ ತೆಗೆದು ಡಬ್ಬಿಯಲ್ಲಿಡು, 25ರ ಐಪೀಸ್ ಹಾಕಿಸು. 36 ಪಟ್ಟು ಸಾಕು, ಗುರುವಿನ ಅಕ್ಕಪಕ್ಕ ಸಾಸಿವೆ ಕಾಳಿನ ಹಾಗೆ ನಾಲ್ಕು ಚಂದ್ರ ಕಾಣುತ್ತವೆ, ಒಮ್ಮೊಮ್ಮೆ ಮೂರು. ಅದು ಸರಿ ಬಂದ ಮೇಲೆ 10ರದ್ದು. ರೂಮಿನ ಕಿಟಕಿ ಗಾಜಿನಿಂದ ನೋಡುವುದು ಬೇಡ. ಹಗಲು ಸೂರ್ಯನ ಕಡೆ ತಿರುಗಿಸುವುದಂತೂ ಬೇಡವೇ ಬೇಡ, ಕಣ್ಣು ಹೋಗುತ್ತದೆ.

ರಾತ್ರಿ ಎಂಟರ ಮೇಲೆ ವಿಡಿಯೋ ಕಾಲ್ ಮಾಡು, ಫೋನು ಮಾಣಿಯ ಕೈಗೇ ಕೊಡು. ಆ ಸ್ಪ್ರೇ ಬಾಟಲಿ ಅಡುಗೆಮನೆಯಲ್ಲೇ ಇರಲಿ.