ಸಹಾಯ ಬೇಕು: ರೋಟರಿ ಎಂಜಿನ್ನಿಗೆ ವಿದ್ಯುತ್ ವಾಟರ್ ಪಂಪ್

ಅಮೆರಿಕದ ಟೆಕ್ಸಾಸ್‌ನಲ್ಲಿ ನಾನೇ ಜೋಡಿಸುತ್ತಿರುವ ಎರಡು ಆಸನಗಳ ವಿಮಾನಕ್ಕೆ ಮಜ್ದಾ ಕಾರಿನ 13ಬಿ ರೋಟರಿ ಎಂಜಿನ್ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವಂಥದ್ದು) ಕೂರಿಸಿದ್ದೇನೆ. ಸತತವಾಗಿ 6,000 ಆರ್‌ಪಿಎಂ ಆಸುಪಾಸಿನಲ್ಲಿ ಓಡುವಾಗ ಎಂಜಿನ್ ತಣಿಸುವ ನೀರನ್ನು ಹರಿಸುವ, ಬೆಲ್ಟಿನಿಂದ ತಿರುಗುವ ಮೂಲ ಪಂಪಿನೊಳಗೆ ಗುಳ್ಳೆಗಳೆದ್ದು ನೀರಿನ ಹರಿವು ಕುಗ್ಗಬಹುದೆಂಬ ಅಳುಕಿನಿಂದ, ಅದನ್ನು ತೆಗೆದು, ನಿಮಿಷಕ್ಕೆ 115 ಲೀಟರ್ ಎಂದು ನಮೂದಿಸಿರುವ 12 ವೋಲ್ಟಿನ ವಿದ್ಯುತ್ ಪಂಪನ್ನು ಅಳವಡಿಸುವ ಯೋಚನೆಯಿದೆ. ಆ ಅಂಕಿ ಅಡೆತಡೆಯಿಲ್ಲದ ಹರಿವಿನದು. ರೇಡಿಯೇಟರ್ ಮತ್ತು ಬಾಗಿದ ಕೊಳವೆಗಳ ಎದುರು ಅದರಲ್ಲಿ ಎಷ್ಟು ಉಳಿದೀತು? (ಬಿಸಿಯ ಗಣನೀಯ ಪಾಲನ್ನು ಆಯಿಲ್ ಕೂಲರ್ ಹೊರುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದಿದ್ದೇನೆ.) ಅದಕ್ಕಿಂತಲೂ ಕಾಡುವ ಪ್ರಶ್ನೆಯೆಂದರೆ, ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಕೈಕೊಟ್ಟರೆ ಇಂಧನದ ಪಂಪು, ಇಗ್ನಿಷನ್, ನೀರಿನ ಪಂಪು ಮೂರೂ ಬ್ಯಾಟರಿಯನ್ನೇ ನೆಚ್ಚಬೇಕಾಗುತ್ತದೆ. ಒಂದು ನೀರಿನ ಪಂಪು ನಿಂತರೂ ಇನ್ನೊಂದು ಇರಲೆಂದು ಎರಡನ್ನು ಹಾಕುವುದಾದರೆ, ಅವನ್ನು ಒಂದರ ಹಿಂದೆ ಒಂದರಂತೆ ಇಡುವುದು ಮೇಲೋ, ಅಕ್ಕಪಕ್ಕದಲ್ಲಿಟ್ಟು ತಲಾ ಒಂದು ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ಹಾಕುವುದು ಮೇಲೋ? ಮೇಲೇರುವಾಗ ಪೂರ್ಣ ಶಕ್ತಿಯಲ್ಲಿ ಎಂಜಿನ್ನಿಗೆ ಒಳಹೋಗುವ ಮತ್ತು ಹೊರಬರುವ ನೀರಿನ ತಾಪಮಾನವನ್ನು ಅಳೆದವರು ದಯವಿಟ್ಟು ಆ ಅಂಕಿಗಳನ್ನು ತಿಳಿಸಬೇಕೆಂದು ಕೋರುತ್ತೇನೆ.